ಫೋನು ನಮ್ಮದು, ಮೇಲ್ ನಿಮ್ಮದು: ಕಂಪನಿಗಳ ಆಡಳಿತಕ್ಕೊಂದು ಬಹಿರಂಗ ಪತ್ರ

ಸಿಬ್ಬಂದಿಯ ಸ್ವಂತ ಫೋನಿನಲ್ಲಿ ಕಚೇರಿಯ ಮೇಲ್ ನಡೆಸುವ ಎಲ್ಲ ಕಂಪನಿಗಳ ಆಡಳಿತದವರಿಗೆ,

ಮಾನ್ಯರೇ,

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನೀವು ಕಳಿಸುವ ಸೂಚನೆಗಳಲ್ಲಿ ಒಂದು ಸಾಲು ಇರುತ್ತದೆ: ಕಚೇರಿಯ ಇಮೇಲ್ ಮತ್ತು ಕ್ಯಾಲೆಂಡರ್ ಸಿಂಕ್ ಆಗುವ ಸ್ಮಾರ್ಟ್‌ಫೋನ್ ಇರಬೇಕು. ಎಂಥ ಫೋನು, ಯಾರ ದುಡ್ಡು, ಅದರೊಳಗೆ ನಿಮ್ಮ ಅಧಿಕಾರ ಎಲ್ಲಿಯವರೆಗೆ ಎಂಬುದು ಮಾತ್ರ ಇರುವುದಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಜನರ ಫೋನಿಗೆ ಮೇಲ್, ಕ್ಯಾಲೆಂಡರ್ ಜೋಡಿಸಿಕೊಡುವುದೇ ನನ್ನ ಕೆಲಸ. ಆ ಒಂದು ಸಾಲಿನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ದಿನಾ ನೋಡುತ್ತೇನೆ. ಅದಕ್ಕಾಗಿ ಈ ಪತ್ರ.

ಬ್ಲ್ಯಾಕ್‌ಬೆರಿ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ಕೈಯಲ್ಲೇ ಮೇಲ್ ಬೇಕಾದ ಅಧಿಕಾರಿಗೆ ಸಾಮಾನ್ಯವಾಗಿ ಕಂಪನಿಯೇ ಫೋನು ಕೊಡುತ್ತಿತ್ತು, ಬಿಲ್ಲೂ ಕಟ್ಟುತ್ತಿತ್ತು. ಕೆಲಸ ಬಿಟ್ಟ ದಿನ ಫೋನು ವಾಪಸ್. 2008ರಲ್ಲಿ ಐಫೋನಿಗೆ, ಕಂಪನಿಗಳ ಮೇಲ್ ಸರ್ವರ್ ಆದ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಜೊತೆ ಸಿಂಕ್ ಆಗುವ ಸೌಲಭ್ಯ ಬಂತು, ಆಮೇಲೆ ಆಂಡ್ರಾಯ್ಡ್ ಫೋನುಗಳಿಗೂ ಬಂತು. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿ ಫೋನುಗಳ ಸೇವೆಯೇ ನಿಂತಿತು. ಅಷ್ಟರಲ್ಲಿ ಅಧಿಕಾರಿಗಳಿಗಷ್ಟೇ ಇದ್ದ ಮೇಲ್ ಎಲ್ಲರ ಜೇಬಿಗೂ ಬಂದಿತ್ತು. ಫೋನಿನ ಖರ್ಚು ಕಂಪನಿಯ ಖಾತೆಯಿಂದ ಸಿಬ್ಬಂದಿಯ ಇಎಂಐಗೆ ವರ್ಗವಾಗಿತ್ತು. ಹಾಗೆ ವರ್ಗ ಮಾಡುವ ಮುನ್ನ ಅವರನ್ನು ಯಾರೂ ಕೇಳಲಿಲ್ಲ.

ದಾವಣಗೆರೆಯಿಂದಲೋ ಹಾಸನದಿಂದಲೋ ಬಂದು ಮೊದಲ ಕೆಲಸಕ್ಕೆ ಸೇರಿದ ಹುಡುಗಿ ಮೊಬೈಲ್ ಅಂಗಡಿಗೆ ಹೋಗಿ ನಿಮ್ಮ ಸಾಲನ್ನೇ ತೋರಿಸುತ್ತಾಳೆ. ಅಂಗಡಿಯವರು ಕ್ಯಾಮೆರಾದ ಮೆಗಾಪಿಕ್ಸೆಲ್ ಹೇಳುತ್ತಾರೆ, ರ್‍ಯಾಮ್ ಹೇಳುತ್ತಾರೆ, ಚಾರ್ಜಿಂಗ್ ವೇಗ ಹೇಳುತ್ತಾರೆ. ನಿಮ್ಮ ಕೆಲಸಕ್ಕೆ ಬೇಕಾದದ್ದು ಬೇರೆ: ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಕಚೇರಿಯ ಆಪ್‌ಗಳನ್ನು ಪ್ರತ್ಯೇಕವಾಗಿಡುವ ವರ್ಕ್ ಪ್ರೊಫೈಲ್ ಸರಿಯಾಗಿ ನಡೆಯುತ್ತದೆಯೇ, ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಸಿಂಕ್ ನಿಲ್ಲಿಸುತ್ತದೆಯೇ. ಈ ಮೂರು ಪ್ರಶ್ನೆ ಕೇಳಬೇಕೆಂದು ಅವಳಿಗೆ ಹೇಳಿಕೊಟ್ಟವರಿಲ್ಲ. ಹೇಳಬೇಕಾದವರು ನೀವು.

ಮೊದಲನೆಯದನ್ನೇ ನೋಡಿ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷಗಳ ಅಪ್‌ಡೇಟ್ ಘೋಷಿಸಿದವು. ಅವು ದುಬಾರಿ ಫೋನುಗಳು. ಹೊಸಬರ ಕೈಗೆಟುಕುವ ಬೆಲೆಯ ಅನೇಕ ಫೋನುಗಳಿಗೆ ಆ ಭಾಗ್ಯವಿಲ್ಲ. ಇತ್ತ ಸರ್ವರ್‌ನ ನಿಯಮವೂ ಬದಲಾಗುತ್ತದೆ: 2022ರ ಅಕ್ಟೋಬರ್‌ನಿಂದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ, ಬರೀ ಹೆಸರು-ಪಾಸ್‌ವರ್ಡ್ ಕಳಿಸಿ ಒಳಹೋಗುವ ಹಳೆಯ ಪದ್ಧತಿಯನ್ನು ನಿಲ್ಲಿಸತೊಡಗಿತು. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದರೆ ಹಳೆಯ ಮೇಲ್ ಆಪ್ ಇದ್ದ ಫೋನುಗಳೇನೂ ಕೆಟ್ಟಿರಲಿಲ್ಲ. ಕರೆ ಹೋಗುತ್ತಿತ್ತು, ಫೋಟೊ ಬರುತ್ತಿತ್ತು, ಕಚೇರಿಯ ಮೇಲ್ ಮಾತ್ರ ಬರುತ್ತಿರಲಿಲ್ಲ. ಸರ್ವರ್‌ನ ನಿಯಮ ಬದಲಾದಾಗಲೆಲ್ಲ ಫೋನು ಬದಲಿಸುವ ಖರ್ಚು ಸಿಬ್ಬಂದಿಯ ತಲೆಗೆ ಬರುವುದು ನ್ಯಾಯವಲ್ಲ.

ಇನ್ನು ಸಿಂಕ್. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ, ಹುಬ್ಬಳ್ಳಿಯ ವ್ಯಾಪಾರಿ ಕಚೇರಿಗಳಲ್ಲಿ ವೆಬ್‌ಸೈಟ್ ಜೊತೆಗೇ ಸಿಕ್ಕ ಅಗ್ಗದ ಮೇಲ್ ಸೇವೆ ಇರುತ್ತದೆ. ಅದನ್ನು ಪಾಪ್ ಪದ್ಧತಿಯಲ್ಲಿ ಫೋನಿಗೆ ಹಾಕಿದರೆ ಫೋನಿನಲ್ಲಿ ಓದಿದ ಮೇಲ್ ಕಂಪ್ಯೂಟರಿನಲ್ಲಿ ಓದದ ಹಾಗೆಯೇ ಉಳಿಯುತ್ತದೆ. ಫೋನಿನಿಂದ ಕಳಿಸಿದ ಉತ್ತರ ಅಲ್ಲಿ ಕಾಣುವುದೇ ಇಲ್ಲ. ಐಮ್ಯಾಪ್ ಹಾಕಿದರೆ ಮೇಲ್ ಸರಿಹೋಗುತ್ತದೆ, ಕ್ಯಾಲೆಂಡರ್ ಬರುವುದಿಲ್ಲ. ಅದಕ್ಕೆ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್ ಇಲ್ಲವೇ ಕ್ಯಾಲ್‌ಡ್ಯಾವ್ ಎಂಬ, ಕ್ಯಾಲೆಂಡರನ್ನೂ ಸಿಂಕ್ ಮಾಡುವ ಪದ್ಧತಿ ಬೇಕು. ಐಫೋನಿನಲ್ಲಿ ಕ್ಯಾಲ್‌ಡ್ಯಾವ್ ಮೊದಲೇ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಬೇರೆ ಆಪ್ ಹಾಕಿಕೊಳ್ಳಬೇಕು. ಯಾವ ಫೋನು ಕೊಳ್ಳಬೇಕು ಎಂಬುದು ನಿಮ್ಮ ಸರ್ವರ್ ಯಾವುದು ಎಂಬುದರ ಮೇಲೆ ನಿಂತಿದೆ. ಅದನ್ನು ಮುಚ್ಚಿಟ್ಟು ಸಿಂಕ್ ಆಗುವ ಫೋನು ತಾ ಎಂದರೆ ಅವರು ಎಲ್ಲಿಂದ ತರಬೇಕು?

ಕ್ಯಾಲೆಂಡರ್ ಸಿಂಕ್ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನವೆಂಬರ್, ಮಾರ್ಚ್ ತಿಂಗಳುಗಳೇ ಸಾಕ್ಷಿ. ಅಮೆರಿಕದ ಪೂರ್ವ ಕರಾವಳಿಯ ಗ್ರಾಹಕರು ಬೆಳಗ್ಗೆ 11ಕ್ಕೆ ಕರೆಯುವ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ರಾತ್ರಿ 8:30. ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ; ಅದೇ ಮೀಟಿಂಗ್ ನಮಗೆ 9:30 ಆಗುತ್ತದೆ. ಮಾರ್ಚ್‌ನ ಎರಡನೇ ಭಾನುವಾರ ಮತ್ತೆ 8:30. ಸಿಂಕ್ ಸರಿಯಿದ್ದ ಫೋನು ಇದನ್ನು ತಾನಾಗಿ ತಿದ್ದಿಕೊಳ್ಳುತ್ತದೆ. ಬ್ಯಾಟರಿ ಉಳಿಸಲು ಹಿನ್ನೆಲೆಯ ಆಪ್‌ಗಳನ್ನು ಮುಚ್ಚಿಹಾಕುವ ಫೋನಿನಲ್ಲಿ ಆಪ್ ತೆರೆಯುವವರೆಗೂ ಹೊತ್ತು ಬದಲಾದ ಸುದ್ದಿ ಮುಟ್ಟದೆ ಹೋಗಬಹುದು. ಮಾರ್ಚ್‌ನಲ್ಲಿ ಮೀಟಿಂಗ್ ತಪ್ಪಿದ ಹುಡುಗನಿಗೆ ಬೇಜವಾಬ್ದಾರಿ ಎಂಬ ಹೆಸರು ಬರುತ್ತದೆ. ಕ್ಯಾಲೆಂಡರ್ ಆಪ್‌ಗೆ ಹಾಕಿದ ಬ್ಯಾಟರಿ ನಿರ್ಬಂಧ ತೆಗೆಯಬೇಕು ಎಂಬ ಒಂದು ಮಾತನ್ನು ಮೊದಲ ದಿನವೇ ಅವನಿಗೆ ಹೇಳಬಹುದಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಅಧಿಕಾರದ ಪ್ರಶ್ನೆ. ಫೋನಿನದೇ ಮೇಲ್ ಆಪ್‌ನಲ್ಲಿ ಎಕ್ಸ್‌ಚೇಂಜ್ ಖಾತೆ ಸೇರಿಸುವಾಗ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಪರದೆ ಬರುತ್ತದೆ. ಪಾಸ್‌ವರ್ಡ್ ನಿಯಮ ಹೇರಬಹುದು, ಪರದೆಗೆ ಬೀಗ ಹಾಕಬಹುದು ಎಂಬ ಸಾಲುಗಳ ನಡುವೆ, ಮುನ್ನೆಚ್ಚರಿಕೆ ಇಲ್ಲದೆ ಫೋನಿನಲ್ಲಿರುವುದೆಲ್ಲವನ್ನೂ ಅಳಿಸಿಹಾಕಬಹುದು ಎಂದೂ ಇರುತ್ತದೆ. ಕೆಳಗೆ ಒಪ್ಪಿಗೆಯ ಬಟನ್. ಪಕ್ಕದಲ್ಲಿ ಮ್ಯಾನೇಜರ್ ಕಾಯುತ್ತಿರುತ್ತಾರೆ, ಒತ್ತದಿದ್ದರೆ ಮೇಲ್ ಬರುವುದಿಲ್ಲ. ಓದದೆಯೇ ಒತ್ತುತ್ತಾರೆ. ನನಗೆ ಪರಿಚಯದ ಒಬ್ಬರು ಕೆಲಸ ಬಿಟ್ಟ ಸಂಜೆ ಅವರ ಫೋನು ತಾನಾಗಿ ಆರಿ, ಅಂಗಡಿಯಿಂದ ತಂದ ದಿನದ ಸ್ಥಿತಿಯಲ್ಲಿ ಮತ್ತೆ ಹೊತ್ತಿಕೊಂಡಿತು. ಮಗಳ ನಾಮಕರಣದ ಫೋಟೊಗಳು ಬೇರೆಲ್ಲೂ ಇರಲಿಲ್ಲ. ಆ ಕಂಪನಿಗೆ ಬೇಕಾಗಿದ್ದದ್ದು ತನ್ನ ಮೇಲ್ ಅಳಿಸುವುದಷ್ಟೇ.

ಇದು ತಪ್ಪಿಸಲಾಗದ ವಿಪತ್ತಲ್ಲ. 2014ರಲ್ಲಿ ಬಂದ ಆಂಡ್ರಾಯ್ಡ್ 5.0ರಿಂದಲೇ ವರ್ಕ್ ಪ್ರೊಫೈಲ್ ಇದೆ. ಕಚೇರಿಯ ಆಪ್‌ಗಳ ಮೇಲೆ ಸಣ್ಣ ಬ್ರೀಫ್‌ಕೇಸ್ ಗುರುತು ಬೀಳುತ್ತದೆ. ಅವುಗಳ ದತ್ತಾಂಶ ಬೇರೆಯಾಗಿ ಇರುತ್ತದೆ. ಸ್ವಂತ ಫೋನಿನಲ್ಲಿ ಹೀಗೆ ಮಾಡಿದಾಗ ಖಾಸಗಿ ಫೋಟೊ, ಮೆಸೇಜುಗಳು ಕಂಪನಿಗೆ ಕಾಣುವುದಿಲ್ಲ. ಅಳಿಸಿದರೆ ಕಚೇರಿಯ ಭಾಗ ಮಾತ್ರ ಹೋಗುತ್ತದೆ. 2019ರ ಐಒಎಸ್ 13ರಿಂದ ಐಫೋನಿನಲ್ಲೂ ಇಂಥ ವ್ಯವಸ್ಥೆ ಇದೆ. ನಿಮಗೆ ನಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಡುತ್ತೇವೆ. ಇಡೀ ಮನೆಯ ಬೀಗದ ಕೈ ಕೇಳಬೇಡಿ.

ಕಂಪನಿಯ ಗುಟ್ಟು ಕಾಪಾಡಿಕೊಳ್ಳುವ ಹಕ್ಕು ನಿಮಗಿದೆ. ಫೋನು ಬಸ್ಸಿನಲ್ಲಿ ಕಳೆದುಹೋದರೆ ಗ್ರಾಹಕರ ಮಾಹಿತಿ ಬೀದಿಗೆ ಬೀಳಬಾರದು ಎಂಬ ನಿಮ್ಮ ಆತಂಕ ನಿಜವಾದದ್ದು. ಪಾಸ್‌ವರ್ಡ್ ಕಡ್ಡಾಯ ಮಾಡಿ, ಹಳೆಯ ಆವೃತ್ತಿಯ ಫೋನು ಬೇಡವೆನ್ನಿ. ಜೊತೆಗೆ ಇಷ್ಟನ್ನು ಮಾಡಿ:

ಕೆಲಸಕ್ಕೆ ಸೇರುವ ಮುನ್ನವೇ ನಿಮ್ಮ ಸರ್ವರ್ ಯಾವುದು, ಕನಿಷ್ಠ ಯಾವ ಆವೃತ್ತಿ ಬೇಕು, ಯಾವ ಮಾದರಿಗಳನ್ನು ನೀವೇ ಪರೀಕ್ಷಿಸಿದ್ದೀರಿ ಎಂಬುದನ್ನು ಬರೆದು ಕೊಡಿ. ಆ ಪಟ್ಟಿಯಲ್ಲಿ ಕಡಿಮೆ ಬೆಲೆಯ ಫೋನುಗಳೂ ಇರಲಿ.

ಇಡೀ ಫೋನಿನ ಮೇಲೆ ನಿಯಂತ್ರಣ ಬೇಕೇಬೇಕು ಎಂದಾದರೆ ಫೋನು ನೀವೇ ಕೊಡಿ. ಸ್ವಂತ ಫೋನು ಸಾಕು ಎಂದಾದರೆ ವರ್ಕ್ ಪ್ರೊಫೈಲ್‌ನಲ್ಲೇ ನಡೆಸಿ, ಖರ್ಚಿನಲ್ಲಿ ಪಾಲು ಕೊಡಿ.

ಏನು ನೋಡಬಲ್ಲಿರಿ, ಏನು ಅಳಿಸಬಲ್ಲಿರಿ ಎಂಬುದನ್ನು ಒಂದು ಪುಟದಲ್ಲಿ, ಕನ್ನಡದಲ್ಲೂ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕೆನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ.

ವರ್ಕ್ ಪ್ರೊಫೈಲನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಬಟನ್ ಫೋನಿನಲ್ಲೇ ಇದೆ. ಪಾಳಿ ಮುಗಿದ ಮೇಲೆ, ವಾರದ ರಜೆಯಲ್ಲಿ ಅದನ್ನು ಒತ್ತಿದವರನ್ನು ತಪ್ಪಿತಸ್ಥರಂತೆ ಕಾಣಬೇಡಿ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ ಕಾನೂನಿನಲ್ಲೇ ಮಾನ್ಯ ಮಾಡಿವೆ. ಅಲ್ಲಿನ ಕಂಪನಿಗಳು ಮುಚ್ಚಿಹೋಗಿಲ್ಲ.

ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ದೊಡ್ಡ ಬಜೆಟ್ಟೂ ಬೇಕಿಲ್ಲ. ಮುಂದಿನ ತಂಡ ಕೆಲಸಕ್ಕೆ ಸೇರುವ ಮುನ್ನ ನಿಮ್ಮ ಐಟಿ ವಿಭಾಗದವರನ್ನೂ ಎಚ್‌ಆರ್ ವಿಭಾಗದವರನ್ನೂ ಒಂದು ಮಧ್ಯಾಹ್ನ ಜೊತೆಗೆ ಕೂರಿಸಿ, ಆ ಸಾಲನ್ನು ಬದಲಿಸಿ ಬರೆಸಿ.

ಇಂತಿ,
ನಿಮ್ಮ ಸಿಬ್ಬಂದಿಯ ಫೋನುಗಳಿಗೆ ಮೇಲ್ ಜೋಡಿಸಿಕೊಡುವ ಒಬ್ಬ ಕೆಲಸಗಾರ