ವಸಂತಾಶ್ವದರ್ಶನ ಮೀಮಾಂಸೆ ಅಥವಾ ರೇಸಿಗೆ ಹೋಗಿಯೂ ಜೇಬು ಮುಟ್ಟದವನ ಲಕ್ಷಣ

ಅಶ್ವಪ್ರೇಮಿಗಳಲ್ಲಿ ಎರಡು ಪಂಗಡ: ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರು, ಕುದುರೆಯನ್ನು ನೋಡುವವರು. ಮೊದಲ ಪಂಗಡದ ಬಗ್ಗೆ ಮಾವಂದಿರು, ಸಾಲ ಕೊಟ್ಟವರು ಮತ್ತು ತೆರಿಗೆ ಇಲಾಖೆಯವರು ಬೇಕಾದಷ್ಟು ಸಂಶೋಧನೆ ನಡೆಸಿರುವುದರಿಂದ ಪ್ರಸ್ತುತ ಪ್ರಬಂಧ ಎರಡನೆಯದಕ್ಕೆ ಮೀಸಲು. ಇಂಥದೊಂದು ಜೀವಿ ಇದೆಯೆಂಬುದನ್ನೇ ಲೋಕ ಒಪ್ಪುವುದಿಲ್ಲ. ದೊಡ್ಡಬಳ್ಳಾಪುರದ ಟೀ ಅಂಗಡಿಯಲ್ಲಿ ನಿಂತು "ಸುಮ್ನೆ ನೋಡೋಕೆ ರೇಸಿಗೆ ಹೋಗಿದ್ದೆ" ಎಂದು ನೋಡಿ. "ಎಷ್ಟು ಹೋಯ್ತು?" ಎಂಬುದೇ ಮರುಪ್ರಶ್ನೆ.

ಮೊದಲು ಕಾಲನಿರ್ಣಯ. ಬೆಂಗಳೂರು ಟರ್ಫ್ ಕ್ಲಬ್ಬಿನ ಪಂಚಾಂಗದಲ್ಲಿ ಋತುಗಳು ಎರಡೇ, ಚಳಿಗಾಲ ಮತ್ತು ಬೇಸಿಗೆ. ನವೆಂಬರಿನಲ್ಲಿ ಶುರುವಾಗುವ ಚಳಿಗಾಲ ಸಾಮಾನ್ಯವಾಗಿ ಮಾರ್ಚಿನವರೆಗೂ ಎಳೆಯುತ್ತದೆ. ಬೇಸಿಗೆಯ ಡರ್ಬಿ ಜುಲೈ ಮಳೆಯಲ್ಲಿ ಓಡುತ್ತದೆ. ಹೀಗಾಗಿ ಹೊಂಗೆ ಚಿಗುರಿ ಯುಗಾದಿ ಹತ್ತಿರವಾದಾಗ ಬೆವರು ಸುರಿಸಿ ಓಡುವ ಕುದುರೆ, ದಾಖಲೆಯ ಪ್ರಕಾರ, ಚಳಿಯಲ್ಲಿ ನಡುಗುತ್ತಿರುತ್ತದೆ. ಅಮೆರಿಕದವರಿಗೆ ಈ ತಾಪತ್ರಯವಿಲ್ಲ. 1875ರಲ್ಲಿ ಆರಂಭವಾದ ಕೆಂಟಕಿ ಡರ್ಬಿಗೆ ಮೇ ತಿಂಗಳ ಮೊದಲ ಶನಿವಾರವೇ ಮುಹೂರ್ತ.

ಇನ್ನು ಪ್ರಮಾಣಗಳು. ಶಬ್ದಪ್ರಮಾಣಕ್ಕೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನೇ ಸಾಕು. 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಆತ ಕುದುರೆಯಾಟವನ್ನು ರಾಜವಿನೋದಗಳ ಸಾಲಿಗೆ ಸೇರಿಸಿದ್ದಾನೆ. ದೊರೆ ನೋಡಿದರೆ ವಿನೋದ, ಮಗ್ಗದವನು ನೋಡಿದರೆ ದುಶ್ಚಟ! ಆಧುನಿಕ ಪ್ರಮಾಣ ಬೇಕೆಂದರೆ 1996ರಲ್ಲಿ ಸುಪ್ರೀಂ ಕೋರ್ಟು, ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ, ಕುದುರೆ ರೇಸು ಅದೃಷ್ಟದಾಟವಲ್ಲ, ಕೌಶಲದ ಆಟ ಎಂದಿತು. ಆ ಕೌಶಲಕ್ಕೆ ಕಾಣಿಕೆಯಾಗಿ 2023ರ ಅಕ್ಟೋಬರಿನಲ್ಲಿ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಿತ್ತು. ಬರೀ ನೋಡುವವನಿಗೆ ಗೇಟಿನ ಟಿಕೆಟ್ ಒಂದೇ ಖರ್ಚು.

ಅನುಮಾನ ಪ್ರಮಾಣ ಹೆಂಡತಿಯರ ಕ್ಷೇತ್ರ. ಹೊಗೆ ಕಂಡಲ್ಲಿ ಬೆಂಕಿ, ಜೇಬು ಖಾಲಿಯಿದ್ದಲ್ಲಿ ರೇಸು. ಅದರಲ್ಲಿ ತಲೆ ಹಾಕುವುದು ಕ್ಷೇಮವಲ್ಲ.

ಉಪಮಾನ ಮಾತ್ರ ಅಖಂಡನೀಯ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬರುವವರೆಲ್ಲ ಕೊಳ್ಳುವವರೇ? ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಹಲ್ಲು ಎಣಿಸಿ, ಸುಳಿ ಹುಡುಕಿ, ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ನಡೆಸುವವರ ಪಕ್ಕದಲ್ಲೇ ಕೈಕಟ್ಟಿ ನಿಂತು, ಸಂಜೆ ಬರಿಗೈಯಲ್ಲಿ ಮನೆಗೆ ಹೋಗುವವರು ಎಷ್ಟು ಮಂದಿ! ಅವರನ್ನು ಊರು ಜೂಜುಕೋರರೆನ್ನುವುದಿಲ್ಲ, "ದನದ ಬಗ್ಗೆ ತಿಳಿದವರು" ಎನ್ನುತ್ತದೆ. ಅದೇ ಕಣ್ಣು ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಕುದುರೆಯ ಮೇಲೆ ಬಿದ್ದರೆ ಕುಲಕ್ಕೆ ಕಳಂಕ.

ವಂಶವಾಹಿಯ ವಾದವೂ ಉಂಟು. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಅವನ ಅಶ್ವದಳಕ್ಕೆ ಕುದುರೆ ಬೆಳೆದದ್ದು ನೆಲಮಂಗಲ ದಾಟಿದರೆ ಸಿಗುವ ಕುಣಿಗಲ್ಲಿನಲ್ಲಿ. ಅದೇ ಕುಣಿಗಲ್ ಫಾರಂ ಮುಂದೆ ರೇಸುಕುದುರೆಗಳ ತವರಾಯಿತು. ಎರಡೂ ಊರುಗಳ ನಡುವೆ ಬದುಕುವವನಿಗೆ ಕುದುರೆಯ ಗೀಳು ಹಿಡಿಯದಿದ್ದರೇ ವೈದ್ಯರಿಗೆ ತೋರಿಸಬೇಕು.

ಕೊನೆಯದು ಪ್ರತ್ಯಕ್ಷ. ಪ್ರಬಂಧಕಾರನ ಗಟ್ಟಿ ಅಭಿಪ್ರಾಯವೆಂದರೆ, 1,200 ಮೀಟರಿನ ಓಟ ಒಂದೂಕಾಲು ನಿಮಿಷದೊಳಗೆ ಮುಗಿಯುವುದರಿಂದ ಅದನ್ನು ನೋಡುವುದು ಗೌಣ. ಮುಖ್ಯ ದರ್ಶನ ಪ್ಯಾಡಕ್ಕಿನಲ್ಲಿ. ಸೈಸ್ ಲಗಾಮು ಹಿಡಿದು ಸುತ್ತು ಹಾಕಿಸುವಾಗ ಕತ್ತಿನ ಮೇಲೆ ಲಗಾಮು ತೀಡಿದಲ್ಲಿ ಬೆವರು ಬಿಳಿನೊರೆಯಾಗಿರುತ್ತದೆ, ತೆಳುಚರ್ಮದಡಿ ನರಗಳು ಉಬ್ಬಿರುತ್ತವೆ, ಒಂದು ಕಿವಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಅಷ್ಟರಲ್ಲಿ ಬಾಜಿದಾರ ಬುಕ್ಕಿಯ ಹಲಗೆಯ ಮೇಲಿನ ಅಂಕಿ ಓದುತ್ತಿರುತ್ತಾನೆ. ತಾನು ದುಡ್ಡು ಕಟ್ಟಿದ ಕುದುರೆ ಕಂದೋ ಕಪ್ಪೋ ಅವನಿಗೆ ಗೊತ್ತಿರುವುದಿಲ್ಲ.

ಆದ್ದರಿಂದ ಮುಂದಿನ ಸೀಸನ್ನಿಗೆ ಹೋಗುವ ಓದುಗರಲ್ಲಿ ಒಂದು ಅರಿಕೆ: ಬುಕ್ಕಿಗಳ ಕಡೆ ತಿರುಗುವ ಮೊದಲು ಪ್ಯಾಡಕ್ಕಿನ ಕಟಕಟೆಗೆ ಒರಗಿ ಹತ್ತು ನಿಮಿಷ ನಿಲ್ಲಿ. ವಾಪಸ್ ಬಸ್ಸಿನ ಚಾರ್ಜು ಮಾತ್ರ ಮೊದಲೇ ಒಳಜೇಬಿಗೆ ಹಾಕಿಕೊಂಡಿರಿ.