ಹಿಮ್ಮೇಳದ ವಿರಕ್ತರು

ಸಂಸಾರದಲ್ಲಿ ಜಿಗುಪ್ಸೆ ಹುಟ್ಟಿ ಕಾವಿಯುಟ್ಟು ಹೊರಟವರ ಕಥೆಗಳು ನಮ್ಮ ಪುರಾಣಗಳಲ್ಲಿ ಬೇಕಾದಷ್ಟು ಉಂಟು. ಆದರೆ ಸಂಸಾರ, ಪಿಂಚಣಿ, ಸೊಸೈಟಿಯ ಸಭೆ, ಸಂಜೆಯ ಬಟಾಟೆವಡೆ ಇವು ಯಾವುದರಲ್ಲಿಯೂ ಎಳ್ಳಷ್ಟು ಜಿಗುಪ್ಸೆಯಿಲ್ಲದೆ, ಒಂದು ಕಾಲಕ್ಕೆ ಪ್ರಾಣಕ್ಕಿಂತ ಮಿಗಿಲೆಂದು ಭಾವಿಸಿದ್ದ ಒಂದು ಸಂಗೀತದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾದ ವೈರಾಗ್ಯವನ್ನು ತಾಳಿ, ಆ ವೈರಾಗ್ಯವನ್ನು ಕಂಡಕಂಡವರಿಗೆಲ್ಲ ಸಾರುತ್ತ ಬಾಳುವ ಮಹನೀಯರನ್ನು ನೋಡಬೇಕೆಂದಿದ್ದರೆ ಥಾಣೆಯ ವರ್ತಕ ನಗರಕ್ಕೆ ಬರಬೇಕು. ಡೊಂಬಿವಲಿಯಲ್ಲಿ ಇಂಥವರಿಲ್ಲವೆಂದಲ್ಲ, ಕಲ್ಯಾಣದಲ್ಲಿಯೂ ನೆರೂಳಿನಲ್ಲಿಯೂ, ಎಲ್ಲೆಲ್ಲಿ ಕುಂದಾಪುರ ಉಡುಪಿಗಳ ಕಡೆಯ ನಾಲ್ಕು ಮನೆಗಳು ಒಂದೆಡೆ ಸೇರಿವೆಯೋ ಅಲ್ಲೆಲ್ಲ, ಇಂಥವರೊಬ್ಬರು ಇದ್ದೇ ಇರುತ್ತಾರೆ. ಆದರೆ ಉಪವನ ಕೆರೆಯ ದಂಡೆಯ ಮೇಲೆ ಪ್ರಾತಃಕಾಲದಲ್ಲಿ ಮಫ್ಲರು ಸುತ್ತಿಕೊಂಡು, ಎದುರಿಗೆ ಬಂದ ಕನ್ನಡಿಗನನ್ನು ಕುಶಲಪ್ರಶ್ನೆಗೂ ಮೊದಲು ತಡೆದು ನಿಲ್ಲಿಸಿ, “ಯಕ್ಷಗಾನ ಮೊದಲಿನ ಹಾಗಿಲ್ಲ ಮಾರಾಯ್ರೆ” ಎಂದು ಘೋಷಿಸುವ ಆ ಗತ್ತು ಬೇರೆ ಕಡೆಯವರಿಗೆ ಬಂದಿಲ್ಲ. ಇವರ ಹೆಸರನ್ನು ಹೇಳುವುದು ಸಭ್ಯತೆಯಲ್ಲವಾದುದರಿಂದ ವಿರಕ್ತರೆಂದೇ ಕರೆಯೋಣ.

ವಿರಕ್ತರು ಯಕ್ಷಗಾನವನ್ನು ಎಂದೂ ‘ನೋಡಿದವರಲ್ಲ’. ಸಾಮಾನ್ಯ ಪ್ರೇಕ್ಷಕನು ಕೇದಗೆ ಮುಂದಲೆಗೂ ಗೆಜ್ಜೆಗೂ ಅರ್ಥಗಾರಿಕೆಯ ಚಮತ್ಕಾರಕ್ಕೂ ಮರುಳಾಗುತ್ತಾನೆ; ಇವರ ಮಟ್ಟಿಗೆ ಮುಮ್ಮೇಳವೆಂಬುದು ಹಿಮ್ಮೇಳಕ್ಕೆ ಅಡ್ಡವಾಗಿ ಬಂದು ನಿಲ್ಲುವ ಒಂದು ಅನಿವಾರ್ಯ ಅನಿಷ್ಟ. ಭಾಗವತ, ಮದ್ದಳೆಗಾರ, ಚಂಡೆಗಾರ: ಈ ಮೂವರೇ ಆಟ. ರಂಗದ ಮೇಲೆ ಕರ್ಣಾರ್ಜುನರು ಪರಸ್ಪರ ಬಾಣ ಬಿಡುತ್ತಿರುವಾಗ ಇವರು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಕತ್ತನ್ನು ಎಡಕ್ಕೆ ವಾಲಿಸಿ, ತೊಡೆಯ ಮೇಲೆ ಏಕತಾಳವನ್ನೋ ತ್ರಿವುಡೆಯನ್ನೋ ಲೆಕ್ಕಹಾಕುತ್ತಿರುತ್ತಾರೆ; ಕರ್ಣನು ಸತ್ತುದು ಇವರಿಗೆ ತಿಳಿಯುವುದು ಪದ್ಯ ನಿಂತಾಗ. ಈ ಭಂಗಿಯನ್ನು ಕಂಡು ನಿದ್ರೆಯೆಂದು ಭ್ರಮಿಸಿದ ತರುಣ ಸಂಚಾಲಕನೊಬ್ಬನು ಭುಜ ಮುಟ್ಟಿ ಎಬ್ಬಿಸಿದುದುಂಟು. ಆತನು ಆಮೇಲೆ ಆ ಸಾಲಿನ ಕಡೆಗೆ ಸುಳಿದುದಿಲ್ಲ.

ಈ ಅನುರಾಗದ ಸುವರ್ಣಯುಗವು ಕಳೆದ ಶತಮಾನದ ಎಂಬತ್ತರ ದಶಕ. ವಿರಕ್ತರು ಆಗ ವಾಗಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೆಕ್ಕದ ಗುಮಾಸ್ತರು. ಅವರ ಪಾಲಿಗೆ ಮೂಲೋಕದಲ್ಲಿದ್ದುದು ಒಂದೇ ಮೇಳ, ಸಾಲಿಗ್ರಾಮ. ಒಂದೇ ಕಂಠ, ಗುಂಡ್ಮಿ ಕಾಳಿಂಗ ನಾವಡರದು. ನಾವಡರು ಎಳೆಯ ವಯಸ್ಸಿನಲ್ಲಿಯೇ ಮೇಳದ ಭಾಗವತಿಕೆಯನ್ನು ವಹಿಸಿ, ಬಡಗುತಿಟ್ಟಿನ ಪದ್ಯಗಳಿಗೆ ಅದುವರೆಗೆ ಅಲ್ಲಿ ಕೇಳಿಬರದಿದ್ದ ರಾಗಗಳನ್ನು ತೊಡಿಸಿ, ‘ನಾಗಶ್ರೀ’ಯಂತಹ ಪ್ರಸಂಗವನ್ನು ತಾವೇ ರಚಿಸಿ, ಡೇರೆಯ ಮುಂದೆ ಕಾಲೇಜಿನ ಹುಡುಗರನ್ನು ಸಾಲುಗಟ್ಟಿ ನಿಲ್ಲಿಸಿದವರು. ಕರಾವಳಿಯ ಮೇಳಗಳು ದೀಪಾವಳಿಯ ಹಿಂದುಮುಂದೆ ತಿರುಗಾಟಕ್ಕೆ ಹೊರಟು ಪತ್ತನಾಜೆಯ ವೇಳೆಗೆ, ಎಂದರೆ ಮೇ ತಿಂಗಳ ಕೊನೆಗೆ, ಗೆಜ್ಜೆ ಬಿಚ್ಚುವುದು ಪದ್ಧತಿ. ಆಮೇಲೆ ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಬೆಂಗಳೂರು ಮುಂಬಯಿಗಳ ಸಭಾಗೃಹಗಳಿಗೆ ಬರುವುದು ವಾಡಿಕೆ. ಹೀಗೆ ಇಲ್ಲಿಯ ರಸಿಕನಿಗೆ ವರ್ಷಕ್ಕೆ ದೊರೆಯುವ ಭಾಗ್ಯವು ನಾಲ್ಕಾರು ರಾತ್ರಿಗಳದಾದುದರಿಂದ, ಉಳಿದ ಕಾಲವನ್ನು ಆತನು ಕ್ಯಾಸೆಟ್ಟಿನ ಆಶ್ರಯದಲ್ಲಿ ಕಳೆಯಬೇಕಾಗಿತ್ತು.

ಆ ಕ್ಯಾಸೆಟ್ಟುಗಳ ಮಹಿಮೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗುವುದಕ್ಕೆ ಮುಂಚೆ ಊರಿನ ಸಮಸ್ತ ಸೌಭಾಗ್ಯವೂ ಬಸ್ಸಿನಲ್ಲಿ ಬರುತ್ತಿತ್ತು. ಕುಚ್ಚಲಕ್ಕಿಯ ಚೀಲ, ಮಿಡಿಮಾವಿನ ಭರಣಿ, ಹಲಸಿನ ಹಪ್ಪಳದ ಕಟ್ಟು, ಇವುಗಳ ಮಧ್ಯದಲ್ಲಿ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಕ್ಯಾಸೆಟ್ಟು. ವಿರಕ್ತರ ಭಾವಮೈದುನನು ಡೇರೆಯ ನೆಲದ ಮೇಲೆ ಕುಳಿತು, ಟೇಪ್‌ ರೆಕಾರ್ಡರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುದ್ರಿಸಿದುದು ಅದು. ಅದರಲ್ಲಿ ನಾವಡರಿದ್ದರು, ಪಕ್ಕದಲ್ಲಿ ಕೆಮ್ಮುತ್ತಿದ್ದ ಒಬ್ಬ ಅಜ್ಜನಿದ್ದನು, ಭಾಗವತರು ಆಲಾಪನೆಯನ್ನು ಏರಿಸಿ ಏರಿಸಿ ತುತ್ತತುದಿಯಲ್ಲಿ ನಿಲ್ಲಿಸಿ ಇಡೀ ಡೇರೆ ಉಸಿರು ಬಿಗಿಹಿಡಿದ ಆ ಗಳಿಗೆಯಲ್ಲಿಯೇ “ಕಡ್ಲೇ... ಬಿಸಿ ಕಡ್ಲೇ” ಎಂದು ಕೂಗಿದ ಒಬ್ಬ ನೆಲಗಡಲೆಯವನೂ ಇದ್ದನು. ಕೇಳಿ ಕೇಳಿ ವಿರಕ್ತರಿಗೆ ಆ ಕೂಗು ರಾಗದ ಅವಿಭಾಜ್ಯ ಅಂಗವೇ ಆಗಿಹೋಗಿ, ಅದೇ ಪದ್ಯವನ್ನು ಬೇರೊಬ್ಬರ ಮನೆಯ ನಿರ್ಮಲವಾದ ಪ್ರತಿಯಲ್ಲಿ ಕೇಳಿದಾಗ, “ಇಲ್ಲೊಂದು ಸ್ವರ ಬಿಟ್ಟಿದ್ದಾರೆ” ಎಂದು ಮುಖ ಸಿಂಡರಿಸಿದರಂತೆ. ಸಿಕ್ಕುಗಟ್ಟಿದ ಟೇಪನ್ನು ಪೆನ್ಸಿಲಿನಿಂದ ಸುತ್ತಿ ಸರಿಪಡಿಸುವ ವಿದ್ಯೆಯಲ್ಲಿ ಅವರು ಪಡೆದಿದ್ದ ಪರಿಣತಿಯನ್ನು ಕಾರ್ಖಾನೆಯ ಲೆಕ್ಕಪತ್ರಗಳಲ್ಲಿ ತೋರಿದ್ದರೆ ಮ್ಯಾನೇಜರರಾಗಿ ನಿವೃತ್ತರಾಗುತ್ತಿದ್ದರೆಂದು ಅವರ ಪತ್ನಿಯ ಅಭಿಪ್ರಾಯ.

1990ರ ಮೇ ತಿಂಗಳಲ್ಲಿ, ಮೂವತ್ತರ ಆಸುಪಾಸಿನ ಹರೆಯದಲ್ಲಿ, ನಾವಡರು ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಕರಾವಳಿಯಲ್ಲಿ ಆ ದಿನ ಅತ್ತವರೆಷ್ಟೋ. ವಿರಕ್ತರೂ ಅತ್ತರು, ಅದರಲ್ಲಿ ನಗುವಂಥದೇನೂ ಇಲ್ಲ. ನಗೆ ಆರಂಭವಾಗುವುದು ಅದರ ಮರುವರ್ಷದಿಂದ.

ಮುಂಬಯಿ ಕನ್ನಡಿಗರಿಗೆ ರಾಜೀನಾಮೆಯ ಶಾಸ್ತ್ರವನ್ನು ಹೊಸದಾಗಿ ಬೋಧಿಸಬೇಕಾದುದಿಲ್ಲ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಒಂದು ಸಾಲು ಕೆಳಗಿಳಿದುದನ್ನು ಕಂಡ ಸಮಿತಿಯ ಸದಸ್ಯರು ರಾಜೀನಾಮೆಯನ್ನು ಬರೆದು ಕಳುಹಿಸುತ್ತಾರೆ. ಅಧ್ಯಕ್ಷರು ಕಾರ್ಯದರ್ಶಿಗಳೊಡಗೂಡಿ ಮನೆಗೆ ಬಿಜಯಮಾಡಿಸುತ್ತಾರೆ. ಚಹಾ ಆಗುತ್ತದೆ, ಚಕ್ಕುಲಿಯಾಗುತ್ತದೆ, ‘ನೀವಿಲ್ಲದೆ ಸಂಘವುಂಟೆ’ ಎಂಬ ಮಾತಾಗುತ್ತದೆ. ರಾಜೀನಾಮೆ ಹಿಂದಕ್ಕೆ ಬರುತ್ತದೆ. ವಿರಕ್ತರು ಯಕ್ಷಗಾನಕ್ಕೆ ಕೊಟ್ಟುದು ಇದೇ ಜಾತಿಯ ರಾಜೀನಾಮೆ. “ನಾವಡರ ನಂತರ ಮುಗಿಯಿತು, ಇನ್ನು ನಾನು ಕೇಳುವವನಲ್ಲ” ಎಂದು ಅವರು ಸಾರಿದರು. ಸಾರಿ, ಯಾರಾದರೂ ಬಂದು ಸಮಾಧಾನಪಡಿಸಿಯಾರೆಂದು ಕಾದರು. ಆದರೆ ಇಲ್ಲಿ ರಾಜೀನಾಮೆಯನ್ನು ಸ್ವೀಕರಿಸುವ ಅಧ್ಯಕ್ಷನೇ ಇರಲಿಲ್ಲ. ತನ್ನ ಪರಮ ಅಭಿಮಾನಿಯೊಬ್ಬನು ಥಾಣೆಯ ಪೋಖ್ರಣ್‌ ರಸ್ತೆಯ ಬದಿಯಲ್ಲಿ ಮುನಿಸಿಕೊಂಡು ಕುಳಿತಿದ್ದಾನೆಂಬ ವರ್ತಮಾನವು ಸಾಲಿಗ್ರಾಮಕ್ಕೆ ತಲಪಲೇ ಇಲ್ಲ. ಮೇಳವು ಯಥಾಪ್ರಕಾರ ದೀಪಾವಳಿಗೆ ಹೊರಟಿತು, ಪತ್ತನಾಜೆಗೆ ಗೆಜ್ಜೆ ಬಿಚ್ಚಿತು.

ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ ಈ ರಾಜೀನಾಮೆ ವಂಶಪಾರಂಪರ್ಯವಾಗಿ ಬಂದುದು. ವಿರಕ್ತರ ಸೋದರಮಾವನವರು ನಾವಡರ ಗುರುಗಳಾದ ನಾರಣಪ್ಪ ಉಪ್ಪೂರರ ಕಾಲದ ಕಿವಿಯುಳ್ಳವರು. ನಾವಡರ ಹೊಸ ರಾಗಗಳು ಕೇಳಿಬಂದಾಗ ಆ ಹಿರಿಯರು, “ಇದು ಭಾಗವತಿಕೆಯೇ? ಉಪ್ಪೂರರಿಗೇ ಮುಗಿಯಿತು” ಎಂದು ಹೆಗಲ ಮೇಲಿನ ಶಾಲನ್ನು ಕೊಡವಿಕೊಂಡು ಡೇರೆಯಿಂದೆದ್ದು ಬಂದಿದ್ದರು. ಅಂದು ಅಳಿಯನು ಮಾವನನ್ನು ಹಳೆಯ ಕಾಲದವನೆಂದು ಮನಸಾರೆ ನಕ್ಕಿದ್ದನು. ಉಪ್ಪೂರರ ಕಾಲದಲ್ಲಿ ಯಾರು ಯಾರ ಹೆಸರು ಹೇಳಿ ಎದ್ದುಬಂದಿದ್ದರೋ, ಅದು ಸಂಶೋಧಕರಿಗೆ ಬಿಟ್ಟ ವಿಷಯ.

ರಾಜೀನಾಮೆ ಕೊಟ್ಟ ಮೊದಲ ಕೆಲವು ವರ್ಷ ವಿರಕ್ತರು ಆಟಗಳನ್ನು ಬಿಡಲಿಲ್ಲ. ತಮ್ಮ ಆಸಕ್ತಿ ನಿಜವಾಗಿಯೂ ಹೋಗಿದೆಯೆಂಬುದನ್ನು ಆಗಾಗ ಪರೀಕ್ಷಿಸಿ ನೋಡಬೇಕಷ್ಟೆ. ಡೊಂಬಿವಲಿಯ ಸಭಾಗೃಹವೊಂದಕ್ಕೆ ಹೋಗಿ, ಪೆರ್ಡೂರು ಮೇಳದ ಸುಬ್ರಹ್ಮಣ್ಯ ಧಾರೇಶ್ವರರು ಪದ್ಯವೆತ್ತಿಕೊಳ್ಳುತ್ತಲೇ ಸಶಬ್ದವಾಗಿ ಎದ್ದು, ಹೊರಗಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ನಿಂತು, ಒಳಗಿನಿಂದ ಬರುವ ಸ್ವರವನ್ನು ಖಂಡಿಸಿ ಬಂದುದುಂಟು. ಕ್ರಮೇಣ ಅದೂ ನಿಂತಿತು. ರಾತ್ರಿಯೆಲ್ಲ ನಡೆಯಬೇಕಾದ ಆಟವನ್ನು ಕೊನೆಯ ಲೋಕಲ್‌ ಗಾಡಿಯ ಭಯದಿಂದ ಮೂರು ಗಂಟೆಯ ಕಾಲಮಿತಿಗೆ ಕತ್ತರಿಸತೊಡಗಿದುದು ಅವರಿಗೆ ಪ್ರಬಲವಾದ ನೆಪವಾಯಿತು. ಕ್ಯಾಸೆಟ್ಟುಗಳು ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಅಟ್ಟವನ್ನೇರಿದವು. ಮ್ಹಾಡಾ ವಸಾಹತಿನ ಹಳೆಯ ಮನೆಗಳು ಕೆಡವಲ್ಪಟ್ಟು ಲಿಫ್ಟಿನ ಕಟ್ಟಡಗಳೆದ್ದವು, ಆಚೆಗೆ ರೇಮಂಡ್‌ ಗಿರಣಿಯಿದ್ದ ನೆಲದಲ್ಲಿಯೂ ಮುಗಿಲು ಮುಟ್ಟುವ ಮನೆಗಳೆದ್ದವು. ಡಬ್ಬಿ ಮಾತ್ರ ಮನೆಯಿಂದ ಮನೆಗೆ ಮುಚ್ಚಿದಂತೆಯೇ ಸಾಗಿತು.

ಬರಿದಾದ ಕಿವಿಗೆ ಏನಾದರೂ ಬೇಕಷ್ಟೆ. ಅವರು ಮರಾಠಿ ನಾಟ್ಯಸಂಗೀತಕ್ಕೆ ಮತಾಂತರಗೊಂಡರು. ಗಡ್ಕರಿ ರಂಗಾಯತನ, ಘಾಣೇಕರ ನಾಟ್ಯಗೃಹ, ಎಲ್ಲಿ ಬಾಲಗಂಧರ್ವರ ಹೆಸರೋ ಅಲ್ಲಿ ಇವರು. ಭೀಮಸೇನ ಜೋಶಿಯವರ ಅಭಂಗಗಳಂತೂ ಅಂತಃಕರಣಕ್ಕೆ ಬಹಳ ಹಿತವಾದವು. ಜೋಶಿಯವರು ಗದಗಿನವರಾದುದರಿಂದ ಪರರ ಪಾಳೆಯವನ್ನು ಪೂರ್ತಿಯಾಗಿ ಸೇರಿದ ದೋಷವೂ ತಟ್ಟುವಂತಿರಲಿಲ್ಲ. “ಸಂಗೀತವೆಂದರೆ ಇದು, ನಮ್ಮದೇನುಂಟು, ಬರಿಯ ಚಂಡೆಯ ಗದ್ದಲ” ಎಂದು ಅವರು ನುಡಿಯುತ್ತಿದ್ದ ಆ ವರ್ಷಗಳಲ್ಲಿ ಅವರೊಡನೆ ಉಪವನದ ಸುತ್ತ ತಿರುಗಾಡುವುದು ನಿಜಕ್ಕೂ ಒಂದು ತಪಸ್ಸಾಗಿತ್ತು.

ಅವರನ್ನು ಮರಳಿ ಕರೆತಂದವರು ಯಾವ ಭಾಗವತರೂ ಅಲ್ಲ. ಅವರದೇ ಕಟ್ಟಡದಲ್ಲಿ ವಾಸಿಸುವ, ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದ, ಒಬ್ಬ ಮರಾಠಿ ಸದ್ಗೃಹಸ್ಥರು. ಇಬ್ಬರೂ ಒಮ್ಮೆ ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹಕ್ಕೆ ನಾಟಕ ನೋಡಲು ಹೋಗಿದ್ದಾಗ, ಮಧ್ಯಂತರದಲ್ಲಿ, ಈ ಭಾವೆ ಯಾರೆಂಬ ಪ್ರಶ್ನೆ ಬಂತು. ಮಾಸ್ತರರು ತಮ್ಮ ಹಳೆಯ ಅಭ್ಯಾಸದಂತೆ ಪಾಠವನ್ನೇ ಆರಂಭಿಸಿದರು: 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗ್ಲಿಗೆ ಹೋಗಿ ಆಟವಾಡಿತು, ಅದನ್ನು ನೋಡಿದ ಸಂಸ್ಥಾನಾಧಿಪತಿ ಚಿಂತಾಮಣರಾವ್‌ ಪಟವರ್ಧನರು ಮರಾಠಿಯಲ್ಲಿಯೂ ಇಂಥದೊಂದು ಆಗಬೇಕೆಂದು ಆಜ್ಞಾಪಿಸಿದರು, ಆಶ್ರಿತರಾಗಿದ್ದ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯ ಜನ್ಮವೆಂದು ನವೆಂಬರ್‌ 5ರಂದು ಆಚರಿಸುವುದು ಅದನ್ನೇ, ಆ ಮೊದಲ ನಾಟಕಗಳಲ್ಲಿ ಸೂತ್ರಧಾರನು ನಿಮ್ಮ ಭಾಗವತನ ಹಾಗೆಯೇ ಹಿಂದೆ ನಿಂತು ಎಲ್ಲ ಪದ್ಯಗಳನ್ನೂ ತಾನೇ ಹಾಡುತ್ತಿದ್ದನು. ಇಷ್ಟು ಹೇಳಿ ಮಾಸ್ತರರು ವಿನಯದಿಂದ, “ನಿಮ್ಮ ಆ ಗಾನ ಹೇಗಿರುತ್ತದೆ? ಒಮ್ಮೆ ಕೇಳಬಹುದೆ?” ಎಂದರು.

ಸಮಾಧಾನಪಡಿಸಲು ಬರಬೇಕಾದ ಅಧ್ಯಕ್ಷರು ಮೂವತ್ತು ವರ್ಷ ತಡವಾಗಿ, ಮರಾಠಿಯಲ್ಲಿ ಮಾತನಾಡುತ್ತ, ಬಂದಿದ್ದರು. ವಿರಕ್ತರು ನಾಟಕದ ಉತ್ತರಾರ್ಧವನ್ನು ಕೇಳಲಿಲ್ಲ.

ಮರುದಿನ ಅಟ್ಟದಿಂದ ಡಬ್ಬಿಯಿಳಿಯಿತು. ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ಟೇಪ್‌ ರೆಕಾರ್ಡರಿನ ರಬ್ಬರಿನ ಪಟ್ಟಿ ಕರಗಿ ಬೆಲ್ಲದ ಪಾಕವಾಗಿತ್ತು. ಮಾಸ್ತರರು ಸೋಫಾದ ಮೇಲೆ ಅವಲಕ್ಕಿ ತಿನ್ನುತ್ತ ಕಾದಿರುವಾಗ ವಿರಕ್ತರ ಮುಖ ಬಾಡಿದುದನ್ನು ಕಂಡು, ಕನ್ನಡ ಓದಲು ಬಾರದ ಮೊಮ್ಮಗನು ತನ್ನ ಮೊಬೈಲಿಗೆ ‘ಕಾಳಿಂಗ ನಾವಡ’ ಎಂದು ಎರಡು ಮಾತು ಉಸುರಿದನು. ಅಷ್ಟೇ, ಚಂಡೆ ಮೊಳಗಿತು. ವಿರಕ್ತರು ಕಣ್ಣು ಮುಚ್ಚಿದರು, ಕತ್ತು ಎಡಕ್ಕೆ ವಾಲಿತು. ಅಜ್ಜನ ಕೆಮ್ಮು ಕೇಳಿಸಿತು. ಆಲಾಪನೆ ಏರಿತು, ನಿಂತಿತು. ಆ ನಿಲುಗಡೆಯಲ್ಲಿ “ಕಡ್ಲೇ” ಎಂಬ ಕೂಗು ಎದ್ದಿತು. “ಇದು ನನ್ನ ಕ್ಯಾಸೆಟ್ಟು!” ಎಂದು ವಿರಕ್ತರು ಕುರ್ಚಿಯಿಂದೆದ್ದು ನಿಂತರು. ಭಾವಮೈದುನನು ಅದರ ಪ್ರತಿಗಳನ್ನು ಯಾರುಯಾರಿಗೆ ಕೊಟ್ಟಿದ್ದನೋ, ಜಗತ್ತೇ ಅದನ್ನು ಕೇಳುತ್ತಿತ್ತು. ಮಾಸ್ತರರು ಮಾತ್ರ ಗಂಭೀರವಾಗಿ, ಆ ಕೊನೆಯ ಸ್ವರವನ್ನು ಹಾಡಿದ ಸಹಗಾಯಕರು ಯಾರೆಂದು ವಿಚಾರಿಸಿದರು.

ಮೊಬೈಲಿಗೆ ಗುರುಪರಂಪರೆಯ ಮರ್ಯಾದೆ ತಿಳಿಯದು. ನಾವಡರ ಪದ್ಯ ಮುಗಿಯುತ್ತಲೇ ಅದು ಯಾರನ್ನೂ ಕೇಳದೆ ಧಾರೇಶ್ವರರ ಪದ್ಯವನ್ನು ಹಚ್ಚಿತು. ವಿರಕ್ತರು ನಿಲ್ಲಿಸೆಂದು ಕೈಯೆತ್ತಿದರು. ಎತ್ತಿದ ಕೈ ಹಾಗೆಯೇ ತೊಡೆಯ ಮೇಲಿಳಿದು ತಾಳ ಹಾಕತೊಡಗಿತು. ಚಹಾದ ಲೋಟ ಹಿಡಿದು ಕ್ಯಾಂಟೀನಿನಲ್ಲಿ ನಿಂತು ಖಂಡಿಸಿದ್ದ ಆ ಕಂಠವನ್ನು ಅವರು ಕುಳಿತು ಕೇಳಿದುದು ಅದೇ ಮೊದಲು. ಕೇಳಿದರು, ಇನ್ನೊಂದನ್ನು ಕೇಳಿದರು, ಮಾಸ್ತರರು ಮನೆಗೆ ಹೋದ ಮೇಲೂ ಕೇಳಿದರು. ಆ ಕಂಠವನ್ನು ಎದುರಿಗೆ ಕುಳಿತು ಕೇಳುವ ಭಾಗ್ಯ ಮಾತ್ರ ಆಗಲೇ ಮೀರಿಹೋಗಿತ್ತು. ಧಾರೇಶ್ವರರು 2024ರ ಏಪ್ರಿಲಿನಲ್ಲಿಯೇ ತೀರಿಕೊಂಡಿದ್ದರು. ಇದಾದ ವಾರದೊಳಗೆ ವಿರಕ್ತರು ಕೆರೆಯ ದಂಡೆಯ ಮೇಲೆ ನನ್ನನ್ನು ತಡೆದು ನಿಲ್ಲಿಸಿ, ಅತ್ಯಂತ ದುಃಖದಿಂದ, “ಏನೇ ಹೇಳಿ, ಧಾರೇಶ್ವರರ ನಂತರ ಮುಗಿಯಿತು ಮಾರಾಯ್ರೆ” ಎಂದರು.

ಈಗ ಮಳೆಗಾಲದ ಆಟಗಳ ಕಾಲ ಬರುತ್ತಲಿದೆ. ಥಾಣೆಯ ಸಂಚಾಲಕರಲ್ಲಿ ನನ್ನದೊಂದು ಅರಿಕೆಯುಂಟು: ಮೂರನೆಯ ಸಾಲಿನ ತುದಿಯಲ್ಲಿ ಎರಡು ಕುರ್ಚಿಗಳನ್ನು ಕಾದಿರಿಸಿ, ಒಂದು ವಿರಕ್ತರಿಗೆ, ಇನ್ನೊಂದು ಮಾಸ್ತರರಿಗೆ. ಕಣ್ಣು ಮುಚ್ಚಿದ್ದರೆ ಎಬ್ಬಿಸಬೇಡಿ. ಆಟ ಮುಗಿದ ಬಳಿಕ, ಅಂದು ಹಾಡಿದ ತರುಣ ಭಾಗವತರ ವಿಷಯವಾಗಿ ಅವರ ಅಭಿಪ್ರಾಯವನ್ನಂತೂ ದಯವಿಟ್ಟು ಕೇಳಬೇಡಿ. ಅದು ಸಿದ್ಧವಾಗಲು ಇನ್ನೂ ಮೂವತ್ತು ವರ್ಷ ಬೇಕು.