ಭೂಕಂಪದ ಗಂಟು

2021ರ ಅಕ್ಟೋಬರ್. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 4.1 ತೀವ್ರತೆಯ ಕಂಪನವಾಗಿ, ಜನ ಮನೆ ಬಿಟ್ಟು ಅಂಗಳದಲ್ಲಿ ಮಲಗಿದ ದಿನಗಳು. ಪಕ್ಕದೂರಿನ ಒಂದು ಮನೆ.

ಗಂಡ: ಗಂಟು ಕಟ್ಟಿದೇನು?

ಹೆಂಡತಿ: ಹೂಂ ರೀ. ಖಡಕ್ ರೊಟ್ಟಿ ಐವತ್ತು, ಶೇಂಗಾ ಹಿಂಡಿ, ಬ್ಯಾಟ್ರಿ, ಮಾವಾರ ಬಿಪಿ ಗುಳಗಿ, ಆಧಾರ್, ಹೊಲದ ಪಹಣಿ.

ಗಂಡ: ನೀರು?

ಹೆಂಡತಿ: ಎರಡು ಕೊಡ ತುಂಬಿಟ್ಟಿದ್ದೆ. ಒಂದರಾಗ ನಿಮ್ಮ ತಮ್ಮ ಮಾರಿ ತೊಳಕೊಂಡಾನ.

ಅತ್ತಿ: 1993ರಾಗ ಕಿಲ್ಲಾರಿ ಭೂಕಂಪ ನಸುಕಿನ್ಯಾಗ ಬಂತು. ಯಾರ ಕೈಯಾಗ ಗಂಟಿತ್ತು?

ಗಂಡ: ರೊಟ್ಟಿ ಐವತ್ತೂ ಅವ ಇಲ್ಲ?

ಹೆಂಡತಿ: ಹನ್ನೊಂದು ಉಳದಾವ. ಹುಡುಗ್ರು ಭೂಕಂಪದ ಪ್ರಾಕ್ಟೀಸ್ ಮಾಡ್ಯಾರ.

ಗಂಡ: ಬ್ಯಾಟ್ರಿ ಹತ್ತವಲ್ದಲ್ಲ!

ಹೆಂಡತಿ: ಸೆಲ್ ತಗದು ರಿಮೋಟಿಗೆ ಹಾಕಿದವ್ರು ಯಾರು? ಮ್ಯಾಚ್ ಇತ್ತಲ್ಲ.

ಗಂಡ: ಇರ್ಲಿ. ಗಂಟು ಎಲ್ಲಿ ಇಟ್ಟಿ?

ಹೆಂಡತಿ: ಒಳಗಿನ ಕೋಣ್ಯಾಗ, ಟ್ರಂಕಿನ್ಯಾಗ. ಕೀಲಿ ಹಾಕೀನಿ.

(ಆ ಕೋಣೆಗೆ ಮಾಳಿಗೆಯೆಂದರೆ ಶಹಾಬಾದ್ ಪರ್ಸಿ ಕಲ್ಲು. ನೆಲ ನಡುಗಿದರೆ ಮೊದಲು ಬೀಳುವುದು ಅದೇ.)

ಗಂಡ: ಕೀಲಿಕೈ?

ಹೆಂಡತಿ: ಅತ್ತಿಯವರ ಸೆರಗಿನ್ಯಾಗ.

ಅತ್ತಿ: ನಾ ನಾಳಿ ವಾಡಿಗೆ ಹೊಂಟೀನಿ, ಮಗಳ ಮನಿಗೆ. ನೆಲ ನಡುಗಿದ್ರ ಫೋನ್ ಮಾಡ್ರಿ.